ಎರಡು ಮೂಟೆ ಹಿಂಡಿ ಸುರಿದ ಬೇಸಿಗೆ

ಹೋದ ತಿಂಗಳು ಅಮರಾಪುರದ ಹತ್ತಿರವಿರುವ ತಂಗಿಯ ಮನೆಗೆ ಹೋಗಿದ್ದೆ. ಬೆಳಿಗ್ಗೆ ಮುಖ ತೊಳೆಯಲು ಹಿತ್ತಲಿಗೆ ಬಂದವನು ಬಚ್ಚಲಿನ ಪಕ್ಕದಲ್ಲಿ ಹಾಗೆಯೇ ನಿಂತುಬಿಟ್ಟೆ. ಹಿಪ್ಪುನೇರಳೆ ಗಿಡಗಳ ಬುಡಕ್ಕೆ ಹಾಕಲೆಂದು ತಂಗಿಯ ಮಗ ಡ್ರಮ್ಮಿನಲ್ಲಿ ಶೇಂಗಾ ಹಿಂಡಿ ನೆನೆಹಾಕಿದ್ದ. ಅದು ಹುಳಿತು, ಮೇಲೆ ನೊರೆ ಕಟ್ಟಿ, ಬಿಸಿಲು ತಾಗಿದ ಕೂಡಲೇ ವಾಸನೆ ಎಬ್ಬಿಸಿತ್ತು.

"ಯಾಕಣ್ಣಯ್ಯ, ಮೂಗು ಮುಚ್ಕಂಡು ನಿಂತ್ಕಂಡೆ? ಜೀವಮಾನವೆಲ್ಲ ಗಾಣ ನಡ್ಸಿದೋನಿಗೆ ಕಡ್ಲೆಕಾಯಿ ಹಿಂಡಿ ನಾತ ಹೊಸದಾ?" ಎಂದು ತಂಗಿ ನಕ್ಕಳು.

ಹೊಸದಲ್ಲ. ಆ ವಾಸನೆ ನನ್ನ ಕೈಯಲ್ಲೇ ಎಷ್ಟೋ ತಿಂಗಳು ಇತ್ತು. ನಾನು ನಗಲಿಲ್ಲ. ಮುಖ ತೊಳೆಯದೆ ಒಳಗೆ ಬಂದು ಕೂತೆ. ಅಲ್ಲಿಗೆ ಹೋದಾಗಲೆಲ್ಲ ಮಡಕಶಿರಾ ಪೇಟೆಯನ್ನು ತಪ್ಪಿಸಿ, ಬೇರೆ ಬಸ್ಸು ಹಿಡಿದು ಬರುತ್ತಿದ್ದವನು ನಾನು. ಯಾಕೆಂದರೆ ಆ ಪೇಟೆಯಲ್ಲಿ ಮಾರೆಪ್ಪ ಎಂಬುವನು ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದಾನೆಂದು ನನಗೆ ಗೊತ್ತಿತ್ತು. ಅವನು ಅಲ್ಲಿ ಯಾಕಿದ್ದಾನೆ ಎನ್ನುವುದೂ ಗೊತ್ತಿತ್ತು.

ನಾನು ಹುಟ್ಟಿದ್ದು ಮಡಕಶಿರಾ ಸೀಮೆಯಲ್ಲಿ. ಹತ್ತನೆಯ ತರಗತಿ ಮುಗಿಸಿದ ಮೇಲೆ ಮದುವೆಯಾಗಿ, ಮಾವನ ಎಣ್ಣೆ ಗಾಣ ನೋಡಿಕೊಳ್ಳಲು ರಾಯದುರ್ಗಕ್ಕೆ ಹೋದೆ. ಕಡ್ಲೆಕಾಯಿ ಎನ್ನುವುದನ್ನು ಬಿಟ್ಟು ಶೇಂಗಾ ಎನ್ನಲು ಕಲಿತೆ. ಎಣ್ಣೆಗಿಂತ ನನ್ನ ಹಿಂಡಿಗೇ ಹೆಸರು ಬಂತು. ದನ ಕಟ್ಟಿದವರು ಹುಡುಕಿಕೊಂಡು ಬರುತ್ತಿದ್ದರು. ಎದುರಿಗೆ ಸಾವ್ಕಾರ್ರ ಎಂದರೂ ಹಿಂದಿನಿಂದ ಹಿಂಡಿ ರುದ್ರಪ್ಪ ಎನ್ನುತ್ತಿದ್ದರು. ಅದು ನನಗೆ ಖುಷಿಯೇ. ನಾವು ಲಿಂಗ ಕಟ್ಟಿಕೊಂಡವರು. ಮನೆಯಲ್ಲಿ ಮೊಟ್ಟೆಯ ಹೆಸರನ್ನೂ ಎತ್ತುವುದಿಲ್ಲ. ಬೆಳಿಗ್ಗೆ ಪೂಜೆಯಾಗದೆ ನಾನು ಗಾಣದ ಬೀಗ ತೆಗೆದವನಲ್ಲ. ಇಷ್ಟನ್ನು ಹೇಳದೆ ಮುಂದಿನದು ಅರ್ಥವಾಗುವುದಿಲ್ಲ.

ಕಣೇಕಲ್ಲಿಗೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ ನಮಗೆ ಸಣ್ಣ ಹೊಲವಿತ್ತು. ಹೊಲಕ್ಕೆ ಹೊಂದಿಕೊಂಡು ಊರ ಕೆರೆ. ಕೆರೆಯ ಮೀನು ಬೆಸ್ತರ ಕೆಲವು ಮನೆಗಳವರದು. ಮರಿ ತಂದು ಬಿಟ್ಟು, ಕಾದು, ಬೇಸಿಗೆಯಲ್ಲಿ ನೀರು ಇಳಿದಾಗ ಬಲೆ ಎಳೆದು ಮಾರುತ್ತಿದ್ದರು. ಅವರ ಹಿರಿಯ ಹುಲುಗಪ್ಪ. ಅವನು ಒಮ್ಮೆ ಗಾಣಕ್ಕೆ ಬಂದು ಹಿಂಡಿಯ ಪುಡಿ ಕೇಳಿದ. ಎಮ್ಮೆಗೇನು ಎಂದೆ.

"ಎಮ್ಮಿ ಎಲ್ಲೈತ್ರಿ ನಮಗ? ಮೀನಿಗೆ. ಗಾಳಕ್ಕ ಚುಚ್ಚೋದು ಎರಿ, ನೀರಿಗೆ ಚೆಲ್ಲಿ ಕರಿಯೋದು ಮೇವು. ನಿಮ್ಮ ಹಿಂಡಿ ಚೆಲ್ಲಿದ್ರ ಆಚೀ ದಂಡಿ ಮೀನು ಈಚೀ ದಂಡಿಗೆ ಬರ್ತಾವ್ರಿ."

ಅವನು ಹೊಗಳಲು ಹೇಳಿದ್ದಲ್ಲ. ನನಗೆ ಮಾತ್ರ ಅದು ತಲೆಗೇರಿತು. ಹೊಲಕ್ಕೆ ಹೋದ ಒಂದು ಸಂಜೆ, ಯಾರೂ ಬಾರದ ಜಾಲಿಗಿಡಗಳ ಮರೆಯಲ್ಲಿ ನಿಂತು ಒಂದು ಹಿಡಿ ಹಿಂಡಿ ನೀರಿಗೆ ಹಾಕಿದೆ. ಮೊದಲು ಗುಳ್ಳೆ ಎದ್ದವು. ಆಮೇಲೆ ನೀರಿನೊಳಗೆ ಯಾರೋ ಬಟ್ಟೆ ಜಾಡಿಸಿದ ಹಾಗೆ ಆಯಿತು. ನೂರು ಜನ ಗಿರಾಕಿಗಳು ಹೊಗಳಿದರೂ ಸಿಗದ ಸಂತೋಷ ಆವತ್ತು ಸಿಕ್ಕಿತು.

ಅಲ್ಲಿಂದ ಅದು ಚಟವಾಯಿತು. ಹಿಂಡಿಯನ್ನು ಕುಟ್ಟಿ, ಅಕ್ಕಿ ತೌಡು ಬೆರೆಸಿ, ಕರಗಿದ ಹಳೆ ಬೆಲ್ಲ ಹಾಕಿ, ರಾಗಿ ಅಂಬಲಿಯ ಹುಳಿನೀರಲ್ಲಿ ಕಲಸಿ ಗಡಿಗೆಯಲ್ಲಿ ಇಡುತ್ತಿದ್ದೆ. ಬಾಯಿಗೆ ಬಟ್ಟೆ ಕಟ್ಟಿ ಗಾಣದ ಹಿಂದೆ ಬಿಸಿಲಿಗೆ ಇಟ್ಟರೆ ಹುಳಿತು ಉಬ್ಬುತ್ತಿತ್ತು. ಹುರಿದ ಮೆಂತ್ಯದ ಪುಡಿ ಕೊನೆಗೆ. ಕೆರೆಯ ದಂಡೆಯ ಜೇಡಿಮಣ್ಣು ಸೇರಿಸಿ ಉಂಡೆ ಕಟ್ಟಿ, ಹೆಬ್ಬೆರಳಿನಿಂದ ನಡುವೆ ಒಂದು ಕುಳಿ ಒತ್ತುತ್ತಿದ್ದೆ. ಕುಳಿ ಇದ್ದರೆ ಉಂಡೆ ನೆಟ್ಟಗೆ ತಳಕ್ಕೆ ಇಳಿದು ನಿಧಾನವಾಗಿ ಬಿಚ್ಚಿಕೊಳ್ಳುತ್ತದೆ. ಇದನ್ನು ಯಾರೂ ನನಗೆ ಕಲಿಸಲಿಲ್ಲ. ಮಗ್ಗಿಗೆ ಒಗ್ಗದ ನನ್ನ ಬುದ್ಧಿ ಇದಕ್ಕೆ ಚುರುಕಾಗಿ ಓಡಿತು.

ಮೊದಮೊದಲು ಬರೀ ಕರೆಯುತ್ತಿದ್ದೆ. ಹಿಡಿಯುವುದಿಲ್ಲ, ಕೊಲ್ಲುವುದಿಲ್ಲ, ತಿನ್ನುವುದಿಲ್ಲ, ಇದರಲ್ಲಿ ಪಾಪವೇನು ಎಂದು ನನಗೆ ನಾನೇ ಹೇಳಿಕೊಂಡೆ. ಆಮೇಲೆ ಗಾಳ ಕೊಂಡೆ. ಹಿಡಿದು, ನೋಡಿ, ಬಿಟ್ಟುಬಿಡುತ್ತಿದ್ದೆ. ಹರಿದ ತುಟಿಯ ಮೀನು ನೀರಿಗೆ ಹೋಗುವುದನ್ನು ನೋಡಿಯೂ ಜೀವ ಉಳಿಸಿದೆ ಎಂದುಕೊಂಡವನು ನಾನು. ಮನೆಗೆ ಬಂದು ಸ್ನಾನ ಮಾಡಿ ವಿಭೂತಿ ಹಚ್ಚಿಕೊಳ್ಳುತ್ತಿದ್ದೆ.

"ನಿಮ್ಮ ಕೈ ಯಾಕ ಹಿಂಗ ನಾರತಾವ?" ಎಂದು ಹೆಂಡತಿ ಗೌರಮ್ಮ ಕೇಳಿದಳು.

"ಹಿಂಡಿ ಮಾರೋನ ಕೈ ಮಲ್ಲಿಗಿ ವಾಸನಿ ಬರ್ತಾವೇನು?" ಎಂದೆ.

ನಾನು ಬರೆಯಬೇಕಾದದ್ದು ಇವೆಲ್ಲದರ ನಂತರದ ಒಂದು ಬೇಸಿಗೆಯನ್ನು. ಹನ್ನೆರಡು ಹದಿಮೂರು ವರ್ಷಗಳಾಗಿರಬೇಕು. ಹಿಂದಿನ ಮಳೆಗಾಲ ಅರ್ಧ ಕೆರೆಯನ್ನೂ ತುಂಬಿಸಿರಲಿಲ್ಲ. ಶಿವರಾತ್ರಿ ಕಳೆಯುವಷ್ಟರಲ್ಲಿ ನೀರು ತೂಬಿನ ಕಡೆಗೆ ಸರಿದು, ಯುಗಾದಿಯ ಹೊತ್ತಿಗೆ ಒಂದು ದೊಡ್ಡ ಗುಂಡಿಯಷ್ಟಾಯಿತು. ಕೆರೆಯ ಮೀನೆಲ್ಲ ಅದರಲ್ಲೇ. ಬೆಸ್ತರಿಗೆ ಅದು ಒಳ್ಳೆಯದೇ. ಬಸವ ಜಯಂತಿ ಮುಗಿದ ಮೇಲೆ ಬಲೆ ಎಳೆಯುವುದೆಂದು ತೀರ್ಮಾನಿಸಿದ್ದರು. ಹುಲುಗಪ್ಪ ಹೊಲದ ಬದುವಿನಲ್ಲಿ ಕೂತು ನನಗೆ ಒಂದು ಮೀನಿನ ಸುದ್ದಿ ಹೇಳಿದ.

"ಕಟ್ಲಾ ಐತ್ರಿ ಒಂದು. ಮೂರು ಸಲ ಬಲಿ ಹರಕೊಂಡು ಹೋಗೇತಿ. ತಲಿ ನಿಮ್ಮ ಗಾಣದ ಕಲ್ಲಿನಷ್ಟೈತಿ."

"ಸುಳ್ಳು ಹೇಳಬ್ಯಾಡೋ."

"ಸುಳ್ಳಾದ್ರ ನನ್ನ ಮೀಸಿ ಬೋಳಸ್ರಿ. ಬ್ಯಾಡ ಬಿಡ್ರಿ, ನಿಮಗ ಮೀನಿನ ಮಾತು ಯಾಕ. ಕೇಳಿದ್ರೂ ಮೈಲಿಗಿ" ಎಂದು ಅವನೇ ನಕ್ಕ.

ಬಲೆ ಎಳೆಯುವ ಮೊದಲು ಆ ಮೀನನ್ನು ನಾನು ಕರೆಯಬೇಕು ಎಂದು ಹಟ ಹುಟ್ಟಿತು. ಎಷ್ಟು ಉಂಡೆ ಹಾಕಿದರೂ ಸಣ್ಣವೇ ಬಂದವು. ಗಾಣದ ಮೂಲೆಯಲ್ಲಿ ಬೂಷ್ಟು ಹಿಡಿದ ಎರಡು ಮೂಟೆ ಹಿಂಡಿ ಬಿದ್ದಿತ್ತು. ದನ ಮೂಸದ ಹಿಂಡಿ, ಮೀನಿಗೇನು ಎಂದು ಅಷ್ಟನ್ನೂ ನೆನೆಹಾಕಿದೆ. ಗಡಿಗೆ ಸಾಲದೆ ಡ್ರಮ್ಮು ತಂದೆ. ಹುಳಿತ ಮೇಲೆ ಒಂದು ಸಂಜೆ ಎತ್ತಿನ ಗಾಡಿಯಲ್ಲಿ ಗೊಬ್ಬರವೆಂದು ಹೊಲಕ್ಕೆ ಸಾಗಿಸಿ, ಉಂಡೆ ಕಟ್ಟುವ ತಾಳ್ಮೆಯೂ ಇಲ್ಲದೆ, ಕೆಲವನ್ನು ಕಟ್ಟಿ ಉಳಿದದ್ದನ್ನು ಹಾಗೇ ಬಕೆಟ್ಟಿನಿಂದ ಆ ಗುಂಡಿಯ ನೀರಿಗೆ ಸುರಿದೆ. ಗಾಳಿಯೇ ಇಲ್ಲದ ಸಂಜೆ. ನೀರು ಬಿಸಿಯಾಗಿತ್ತು. ದೊಡ್ಡ ಮೀನು ಬರಲಿಲ್ಲ. ನಾಳೆ ಬರುತ್ತದೆ ಎಂದುಕೊಂಡು ಮನೆಗೆ ಹೋದೆ. ಮರುದಿನವೂ ಬರಲಿಲ್ಲ.

ಅದರ ಮಾರನೆಯ ಬೆಳಿಗ್ಗೆ ಹೋದಾಗ ದಂಡೆಯ ತುಂಬ ಜನ. ಗುಂಡಿಯ ಮೇಲೆಲ್ಲ ಬಿಳಿ ಹೊಟ್ಟೆ. ಇನ್ನೂ ಸಾಯದವು ಬಾಯಿ ಮೇಲೆತ್ತಿ ಗಾಳಿ ಕುಡಿಯುತ್ತಿದ್ದವು. ಅವುಗಳ ನಡುವೆ ಆ ಕಟ್ಲಾ ಮಗ್ಗುಲಾಗಿ ತೇಲುತ್ತಿತ್ತು. ಹುಲುಗಪ್ಪ ಸುಳ್ಳು ಹೇಳಿರಲಿಲ್ಲ. ಅವನು ಮೊಣಕಾಲುದ್ದ ನೀರಲ್ಲಿ ನಿಂತು ಎರಡೂ ಕೈಯಿಂದ ಅದನ್ನು ಹಿಡಿದುಕೊಂಡಿದ್ದ. ಅವನ ತಾಯಿ ಹನುಮಕ್ಕ ದಂಡೆಯಲ್ಲಿ ಕೂತು ಮನೆಯಲ್ಲಿ ಸಾವಾದವರ ಹಾಗೆ ಅಳುತ್ತಿದ್ದಳು.

ನನಗೆ ನೋಡಿದ ಕೂಡಲೇ ತಿಳಿಯಿತು. ಕಲಗಚ್ಚಿನ ಬಾನಿ ಬಿಸಿಲಿಗೆ ಕೆಟ್ಟರೆ ಹೇಗೆ ನೊರೆಗಟ್ಟಿ ನಾರುತ್ತದೋ ಇಡೀ ಗುಂಡಿ ಹಾಗಾಗಿತ್ತು. ಸರ್ಕಾರದ ಕಡೆಯಿಂದ ಬಂದ ಒಬ್ಬರು ಬಾಟಲಿಯಲ್ಲಿ ನೀರು ತುಂಬಿಕೊಂಡು, "ನೀಳ್ಳಲ್ಲೋ ಗಾಲಿ ಅಯಿಪೋಯಿಂದಿ" ಎಂದರು. ನೀರಿನಲ್ಲಿ ಮೀನಿಗೆ ಬೇಕಾದ ಗಾಳಿ ತೀರಿಹೋಗಿದೆ ಎಂದು. ನಿಜವೇ. ಹುಳಿತದ್ದು ನೀರಿನ ಉಸಿರನ್ನೆಲ್ಲ ಹೀರಿತ್ತು. ಜನ ಮಾತ್ರ ಬೇರೆ ಅರ್ಥ ಮಾಡಿಕೊಂಡರು.

"ಗಾಳಿ ತಾನಾಗೇ ಹೋಗ್ತತೇನು? ಕೆಮಿಕಲ್ ಬಿದ್ರ ಹೋಗ್ತತಿ."

ಎಲ್ಲರೂ ಕೆರೆಯ ಮೇಲ್ಗಡೆ ನೋಡಿದರು. ಅಲ್ಲಿ ಮಾರೆಪ್ಪನ ಶೆಡ್ಡು ಇತ್ತು. ಮಾರೆಪ್ಪ ರಾಯದುರ್ಗದಲ್ಲಿ ಬೇರೆಯವರ ಹತ್ತಿರ ಜೀನ್ಸು ಹೊಲಿದು ಹೊಲಿದು, ಕಡೆಗೆ ತನ್ನದೇ ಸಣ್ಣ ವಾಷಿಂಗ್ ಶೆಡ್ಡು ಹಾಕಿಕೊಂಡಿದ್ದ. ಪ್ಯಾಂಟುಗಳ ಬಣ್ಣ ಬಿಡಿಸಿದ ನೀಲಿ ನೀರಿಗೆಂದು ಆಳವಾದ ಗುಂಡಿ ತೋಡಿಸಿ ಸುಣ್ಣ ಹಾಕುತ್ತಿದ್ದ. ಮೊದಲಿನಿಂದಲೂ ಆ ನೀಲಿ ನೀರೆಂದರೆ ಊರಿಗೆ ಆಗುತ್ತಿರಲಿಲ್ಲ. ಹನುಮಕ್ಕ ಎದ್ದು ಹೋದವಳೇ ಅವನ ಶೆಡ್ಡಿನ ಬಾಗಿಲಿಗೆ ಒಂದು ಹಿಡಿ ಮಣ್ಣು ತೂರಿ ಶಾಪ ಹಾಕಿದಳು.

ಸಂಜೆ ಗಂಗಮ್ಮನ ಗುಡಿಯ ಕಟ್ಟೆಯ ಮೇಲೆ ಪಂಚಾಯಿತಿ ಕೂಡಿತು. ನಾಲ್ಕು ಜನರ ಮುಂದೆ ತೀರ್ಪಿನ ಮಾತು ಯಾರು ಹೇಳಬೇಕೆಂದು ಚರ್ಚೆಯಾಯಿತು. ಬೆಸ್ತರು ಹೇಳಿದರೆ ಮಾರೆಪ್ಪನ ಕಡೆಯವರು ಒಪ್ಪುವುದಿಲ್ಲ, ಊರವರು ಹೇಳಿದರೆ ಬೆಸ್ತರ ಮೀನು ತಿಂದವರು, ಅವರ ಕಡೆಗೇ ಹೇಳುತ್ತಾರೆ ಎಂಬ ಮಾತು. ಆಗ ಹುಲುಗಪ್ಪನೇ ಎದ್ದು ನಿಂತ.

"ಸಾವ್ಕಾರ್ರು ಹೇಳ್ಲಿ. ಅವ್ರು ಮೀನು ಮುಟ್ಟೋರಲ್ಲ, ತಿನ್ನೋರಲ್ಲ. ಅವ್ರಿಗೆ ಆ ಕಡಿ ಈ ಕಡಿ ಇಲ್ಲ."

"ಅವುನು, ಆಯನೇ ಚೆಪ್ಪಾಲಿ" ಎಂದು ಹಿಂದಿನಿಂದ ಒಬ್ಬ ಕೂಗಿದ. ಹೌದು, ಅವರೇ ಹೇಳಬೇಕು ಎಂದು ಎಲ್ಲರೂ ದನಿಗೂಡಿಸಿದರು. ನನಗೆ ಕಂಬಳಿ ಹಾಸಿದರು.

ಏಳಬಹುದಾಗಿತ್ತು. ಹುಷಾರಿಲ್ಲ ಎಂದಾದರೂ ಹೇಳಬಹುದಾಗಿತ್ತು. ನಾನು ಕಂಬಳಿಯ ಮೇಲೆ ಕೂತೆ. ಎದ್ದರೆ ಯಾಕೆಂದು ಕೇಳುತ್ತಾರೆಂಬ ಭಯ ಒಂದು. ಲಿಂಗ ಕಟ್ಟಿದವನು ಕಳ್ಳತನದಲ್ಲಿ ಗಾಳ ಹಾಕುತ್ತಿದ್ದ ಎಂದು ರಾಯದುರ್ಗದ ಪೇಟೆಯಲ್ಲಿ ನಗುತ್ತಾರೆಂಬ ಭಯ ಇನ್ನೊಂದು. ಮೀನು ಸತ್ತದ್ದಕ್ಕಿಂತ ಅದೇ ನನಗೆ ದೊಡ್ಡದಾಗಿ ಕಂಡಿತು.

ನಮ್ಮ ಕಡೆ ಇಂಥದಕ್ಕೆ ಒಂದು ಪದ್ಧತಿಯಿದೆ. ದೇವರ ಮುಂದೆ ಕರ್ಪೂರ ಹಚ್ಚುತ್ತಾರೆ. ತಪ್ಪು ಮಾಡದವನು ಆಣೆ ಮಾಡಿ ಅಂಗೈಯಿಂದ ಅದನ್ನು ಆರಿಸಬೇಕು. ಆರಿಸಿದರೆ ಮಾತು ಮುಗಿಯಿತು, ಆಮೇಲೆ ಯಾರೂ ಕೇಳುವಂತಿಲ್ಲ. ಅದನ್ನೇ ಹೇಳಿದೆ.

"ಮಾರೆಪ್ಪ, ಕರ್ಪೂರ ಆರಿಸು. ನೀನು ಆರಿಸಿದರ ಎಲ್ಲಾರೂ ಮನಿಗೆ ಹೋಗ್ತೀವಿ."

ಅವನನ್ನು ಉಳಿಸಲು ಹೀಗೆ ಹೇಳಿದೆ ಎಂದು ಎಷ್ಟೋ ವರ್ಷ ಸಮಾಧಾನ ಮಾಡಿಕೊಂಡಿದ್ದೇನೆ. ಅವನು ಆರಿಸುತ್ತಾನೆ, ಯಾರ ಮೇಲೂ ಬರುವುದಿಲ್ಲ ಎಂದು. ಆದರೆ ಅವನು ಉರಿಯುವ ಕರ್ಪೂರದ ಮುಂದೆ ಕೈ ಚಾಚಿ ನಿಂತೇಬಿಟ್ಟ.

"ಏನ್ ನೋಡ್ತಿ, ಆರ್ಸು" ಎಂದರು ಯಾರೋ.

"ಬೇಕಂತ ನಾನು ಬಿಟ್ಟಿಲ್ರಿ" ಎಂದ ಮಾರೆಪ್ಪ. "ಆದ್ರ ನನ್ನ ಗುಂಡಿ ಕಂಠಮಟ ತುಂಬಿತ್ತು. ನೆಲದಾಗ ಸೋರಿ ಹೋಗೇತೋ ಇಲ್ಲೋ ನನಗ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕ ತಾಯಿ ಮುಂದ ಹ್ಯಾಂಗ ಆಣಿ ಮಾಡ್ಲಿ, ನೀವಽ ಹೇಳ್ರಿ."

ನನ್ನನ್ನೇ ಕೇಳಿದ. ಕರ್ಪೂರ ತಾನೇ ಉರಿದು ಮುಗಿಯಿತು. ಕಲ್ಲಿನ ಮೇಲೆ ಕಪ್ಪು ಗುರುತು ಉಳಿಯಿತು. ಜನರಿಗೆ ಅಷ್ಟೇ ಸಾಕಾಯಿತು. "ತಪ್ಪಿಲ್ದಿದ್ರ ಆರಸ್ತಿದ್ದ" ಎಂದರು. ಶೆಡ್ಡು ಎತ್ತಬೇಕೆಂದು ನನ್ನ ಬಾಯಿಂದಲೇ ಹೊರಟಿತು. ಆ ಕರ್ಪೂರವನ್ನು ನನ್ನ ಮುಂದೆ ಹಚ್ಚಿದ್ದರೆ ನಾನು ತಟ್ಟನೆ ಆರಿಸಿಬಿಡುತ್ತಿದ್ದೆ. ಅದರಲ್ಲಿ ನನಗೆ ಈಗಲೂ ಅನುಮಾನವಿಲ್ಲ.

ಮುಂಗಾರಿನ ಮೊದಲ ಮಳೆ ಬೀಳುವ ಮೊದಲೇ ಮಾರೆಪ್ಪ ಮೆಷಿನ್ನು ಮಾರಿ, ಹೆಂಡತಿಯ ತವರು ಮಡಕಶಿರಾ ಎಂದು ಅತ್ತ ಹೋದ. ನಾನು ಗಡಿಗೆ ಒಡೆದು, ಗಾಳವನ್ನು ಹೊಲದಲ್ಲಿ ಹೂತೆ. ಕೆಲವು ದಿನಗಳ ನಂತರ ಊಟಕ್ಕೆ ಬಡಿಸುತ್ತ ಗೌರಮ್ಮ, "ಮೀನು ಸತ್ತಾಗಿನಿಂದ ನಿಮ್ಮ ಕೈ ವಾಸನಿ ಹೋಗೇತಿ ನೋಡ್ರಿ" ಎಂದಳು. ಅಷ್ಟೇ. ಬದುಕಿರುವವರೆಗೆ ಮತ್ತೆ ಆ ಮಾತು ತೆಗೆಯಲಿಲ್ಲ. ನನ್ನ ಮುಖ ನೋಡಿ ಬಡಿಸುವುದನ್ನೂ ಅವಳು ಅಂದಿಗೆ ಬಿಟ್ಟಳು.

ತಂಗಿಯ ಮನೆಯಲ್ಲಿ ಕೂತು ಇಷ್ಟನ್ನೂ ನೆನೆದೆ. ವಾಪಸ್ಸು ಬರುವಾಗ ಮಡಕಶಿರಾದಲ್ಲಿ ಇಳಿದೆ. ಬಸ್‌ಸ್ಟ್ಯಾಂಡಿನ ಹಿಂದಿನ ಸಂದಿಯಲ್ಲಿ ಮಾರೆಪ್ಪನ ಅಂಗಡಿ. ಕೂದಲು ಬೆಳ್ಳಗಾಗಿತ್ತು. ನನ್ನನ್ನು ಕಂಡು ಎದ್ದು ಕುರ್ಚಿ ಒರೆಸಿದ. ನಿಂತುಕೊಂಡೇ ಹೇಳಿದೆ. ಹಿಂಡಿ, ಡ್ರಮ್ಮು, ಸುರಿದ ಸಂಜೆ, ಎಲ್ಲ.

ಅವನು ಬಹಳ ಹೊತ್ತು ಕೈಯಲ್ಲಿದ್ದ ಟೇಪನ್ನು ಸುತ್ತಿದ, ಬಿಚ್ಚಿದ.

"ಪ್ರತಿ ವರ್ಷ ಅಲ್ಲಿಗೆ ಬಂದು ಗಂಗಮ್ಮಗ ತಪ್ಪುಗಾಣಿಕಿ ಹಾಕಿ ಹೋಗ್ತೀನ್ರಿ" ಎಂದ. "ಯಾರಿಗೂ ಕಾಣದಂಗ ಬಂದು ಹೋಗ್ತೀನಿ. ನನ್ನ ನೀರಽ ಕೊಂದೇತಿ ಅಂತ ನಾನೂ ನಂಬಿದ್ದೆ. ಮನಸಿನ್ಯಾಗ ಆ ಗುಂಡಿ ಎಷ್ಟು ಸಲ ಅಗದು ನೋಡೀನಿ, ಎಲ್ಲಿ ಸೋರಿರಬೇಕು ಅಂತ."

"ತಪ್ಪಾತು ಮಾರೆಪ್ಪ."

"ನನ್ನ ಮುಂದ ಯಾಕ ಹೇಳ್ತೀರಿ? ಎಲ್ಲಿ ಕುಂತು ಶೆಡ್ಡು ಎತ್ತು ಅಂದ್ರೋ ಅಲ್ಲಿ ಹೇಳ್ರಿ." ಅವನು ಕುರ್ಚಿಯನ್ನು ಒಳಗೆ ಎಳೆದುಕೊಂಡ.

ಹೋದೆ. ಒಂದು ಸಂಜೆ ಕಟ್ಟೆಯ ಮೇಲೆ ಜನ ಇದ್ದಾಗ ಎದ್ದು ನಿಂತು ಹೇಳಿದೆ. ಎಲ್ಲ ಕೇಳಿಸಿಕೊಂಡು ಹುಲುಗಪ್ಪ ನಕ್ಕುಬಿಟ್ಟ.

"ನೀವು ಮೀನಿಗೆ ಮೇವು ಕಲಸಿದ್ರಾ? ಸಾವ್ಕಾರ್ರ, ಮೀನಿನ ಬುಟ್ಟಿ ಎದುರು ಬಂದ್ರ ರಸ್ತಾ ದಾಟೋರು ನೀವು. ಮಾರೆಪ್ಪ ಎಲ್ಲೋ ಕಷ್ಟದಾಗ ಸಿಕ್ಕಾನ, ಕರುಳು ಚುರ್ ಅಂದೈತಿ. ಅವನ ತಪ್ಪು ತಮ್ಮ ಮ್ಯಾಲ ಹಾಕ್ಕೊಳ್ಳಾಕ ಬಂದೀರಿ."

"ದ್ಯಾವರಂಥಾ ಮನಷ್ಯಾ" ಎಂದಳು ಹನುಮಕ್ಕ. ಈಗ ಅವಳಿಗೆ ಕಣ್ಣು ಮಂಜು. ಯಾರೋ ನನಗೆ ಚಹಾ ತರಿಸಿದರು. ಒಬ್ಬ ಕಾಲಿಗೆ ಎರಗಿದ. ನಿಜ ಹೇಳಲು ಹೋಗಿ ಇನ್ನಷ್ಟು ದೊಡ್ಡವನಾಗಿ ಮನೆಗೆ ಬಂದೆ. ಆ ಚಹಾ ಕುಡಿದ ನಾಚಿಕೆ ಹಳೆಯದಕ್ಕಿಂತ ಹೆಚ್ಚು ಸುಟ್ಟಿತು.

ಗಾಣ ಈಗ ಬೇರೆಯವರದು. ಅಲ್ಲಿ ಹಿಂಡಿ ಕೊಂಡು, ಮನೆಯಲ್ಲೇ ಕುಟ್ಟಿ, ತೌಡು ಬೆಲ್ಲ ಅಂಬಲಿ ಹಾಕಿ ಗಡಿಗೆ ಇಟ್ಟೆ. ಹುಳಿತ ಮೇಲೆ ಆಟೋದಲ್ಲಿ ಹಳ್ಳಿಗೆ ಒಯ್ದೆ. ಕಟ್ಟೆಯ ಮೇಲಿದ್ದವರನ್ನೆಲ್ಲ ಕೆರೆಗೆ ಕರೆದೆ. ಮುದುಕನಿಗೆ ಏನೋ ಆಗಿದೆ ಎಂದು ಮಾತಾಡಿಕೊಳ್ಳುತ್ತ ಬಂದರು. ಈ ವರ್ಷ ಕೆರೆ ತುಂಬಿತ್ತು. ದಂಡೆಯ ಮೇಲೆ ಕೂತು ಜೇಡಿಮಣ್ಣು ಕಲಸಿದೆ. ಕೈ ಮರೆತಿರಲಿಲ್ಲ. ಉಂಡೆ ಕಟ್ಟಿ, ಕುಳಿ ಒತ್ತಿ, ಒಂದೊಂದಾಗಿ ಒಂದೇ ಜಾಗಕ್ಕೆ ಎಸೆದೆ.

ಗುಳ್ಳೆ ಎದ್ದವು. ಆಮೇಲೆ ಬಾಲಗಳು. ಆಮೇಲೆ ಆ ಜಾಗದ ನೀರು ಕುದಿಯುವ ಎಸರಿನಂತಾಯಿತು.

ನಗುತ್ತಿದ್ದವರು ನೀರಿನ ಅಂಚಿಗೆ ಬಂದು ಬಗ್ಗಿ ನೋಡಿದರು. ಹುಲುಗಪ್ಪ ನೀರನ್ನು ನೋಡುತ್ತಿರಲಿಲ್ಲ. ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತು ಒಂದು ಉಂಡೆಯನ್ನು ಎತ್ತಿಕೊಂಡು, ಕುಳಿಯಲ್ಲಿ ತನ್ನ ಹೆಬ್ಬೆರಳು ಇಟ್ಟು ನೋಡಿದ.

"ಆ ಬ್ಯಾಸಿಗ್ಯಾಗ ಸತ್ತ ಮೀನು ತಗದು ಕೆರಿ ಗುಂಡಿ ಬಳಿಯುವಾಗ ಇಂಥವು ಸಿಕ್ಕಿದ್ದವು" ಎಂದ. "ಹುಡುಗರ ಆಟ ಅಂದ್ಕೊಂಡಿದ್ದೆ. ಎಷ್ಟು ಸುರಿದಿದ್ರಿ?"

"ಎರಡು ಮೂಟಿ."

"ಅಷ್ಟು ಸಣ್ಣ ನೀರಿಗೆ."

"ಹೌದು."

ಅವನು ಉಂಡೆಯನ್ನು ನೀರಿಗೆ ಎಸೆಯಲಿಲ್ಲ, ನೆಲಕ್ಕೆ ಇಟ್ಟ. ಬೈಯುತ್ತಾನೆ ಎಂದು ಕಾದೆ. ಅವನು ಫೋನು ತೆಗೆದು ಮಾರೆಪ್ಪನ ನಂಬರು ಕೇಳಿದ. ಅಂಗಡಿಯ ಬೋರ್ಡಿನಿಂದ ಬರೆದುಕೊಂಡಿದ್ದನ್ನು ಹೇಳಿದೆ.

"ಮಾರೆಪ್ಪಾ, ನಾನು ಹುಲುಗಪ್ಪ. ಕೆರಿ ದಂಡಿ ಮ್ಯಾಲ ಅದೀನಿ. ಅದು ನಿನ್ನ ನೀರಲ್ಲಪ್ಪ."

ಆ ಕಡೆಯಿಂದ ಅವನು ಏನು ಕೇಳಿದನೋ, ಹುಲುಗಪ್ಪ ಸುತ್ತ ನೋಡಿ ಅಲ್ಲಿದ್ದವರ ಹೆಸರುಗಳನ್ನು ಹೇಳತೊಡಗಿದ. ಆಮೇಲೆ, "ಒಬ್ಬೊಬ್ಬರ ಬಾಯಾಗ ಕೇಳಬೇಕಂತ" ಎಂದು ಪಕ್ಕದವನ ಕೈಗೆ ಫೋನು ಕೊಟ್ಟ. ಅವನು "ನಿನ್ನ ನೀರಲ್ಲ ಮಾರೆಪ್ಪ" ಎಂದು ಮುಂದಿನವನಿಗೆ ದಾಟಿಸಿದ. ಹಾಗೆ ಅದು ಕೈಯಿಂದ ಕೈಗೆ ಹೋಯಿತು. ಹನುಮಕ್ಕ ಫೋನನ್ನು ತಲೆಕೆಳಗಾಗಿ ಹಿಡಿದು, "ಮಣ್ಣು ತೂರಿದ್ದೆನೋ ನನ್ನಪ್ಪಾ, ಈ ಕೈಯಿಂದ" ಎಂದು ಅತ್ತಳು.

ಕೊನೆಗೆ ನನ್ನ ಹತ್ತಿರ ಬಂತು. ನನ್ನ ಎರಡೂ ಕೈ ಮಣ್ಣಾಗಿದ್ದವು. ಹುಲುಗಪ್ಪ ಫೋನನ್ನು ನನ್ನ ಕಿವಿಗೆ ಹಿಡಿದು, ಮುಖವನ್ನು ಆಚೆ ತಿರುಗಿಸಿಕೊಂಡ.

"ಮಾರೆಪ್ಪ" ಎಂದೆ. ಅತ್ತ ಅವನು ಉಸಿರಾಡುವುದು ಕೇಳುತ್ತಿತ್ತು.

"ನಿನ್ನ ನೀರಲ್ಲ, ನನ್ನ ಹಿಂಡಿ" ಎಂದೆ.

ಸ್ವಲ್ಪ ಹೊತ್ತಿಗೆ ಅತ್ತ ಕಡೆ ಹೊಲಿಗೆ ಮೆಷಿನ್ನು ಓಡಲು ಶುರುವಾಯಿತು. ಅವನು ಫೋನು ಇಟ್ಟಿರಲಿಲ್ಲ. ಮೆಷಿನ್ನು ಓಡುತ್ತಲೇ ಇತ್ತು. ನಾನು ಕೇಳುತ್ತ ನಿಂತೆ.